ಟೊಳ್ಳು ಕಲ್ಲು

“ಮ್ಯಾಗಿನ ಬೋಲ್ಟು ಗಟ್ಟಿ ಐತೇನೋ, ಹುಸೇನಪ್ಪಾ?” ತರಬೇತುದಾರ ಸಿದ್ದರಾಮೇಶ ಕೇಳಿದ. ಮಸ್ಕಿ ಗುಡ್ಡದ ಬಂಡೆ ಏರಲು ಬಂದವರೆಲ್ಲ ತಿರುಗಿ ನೋಡಿದರು.

ಹತ್ತುವವರ ಹಗ್ಗ ಸಿಕ್ಕಿಸುವ ಆ ಬೋಲ್ಟಿಗೆ ಬಂಡೆಯಲ್ಲಿ ತೂತು ಕೊರೆದವನು ಕಲ್ಲುಕುಟಿಗ ಹುಸೇನಪ್ಪನೇ. ನಿನ್ನೆ ಸುತ್ತಿಗೆಯಿಂದ ಬಡಿದಾಗ ಆ ಜಾಗ ಖಾಲಿ ಕೊಡದಂತೆ ಸದ್ದು ಮಾಡಿತ್ತು. ಹೇಳಬೇಕೆಂದೇ ಕೆಳಗಿಳಿದಿದ್ದ. ಅಷ್ಟರಲ್ಲಿ ಸಿದ್ದರಾಮೇಶ, ಕೊಕ್ಕೆಯೊಂದು ಕಾಣೆಯಾಗಿದೆಯೆಂದು, ಹುಸೇನಪ್ಪನ ಮಗಳು ಯಶೋಧರಾಳ ಎದುರೇ ಅವನ ಅಂಗಿ ಬಿಚ್ಚಿಸಿ ಹುಡುಕಿದ್ದ.

“ಗಟ್ಟಿ ಐತ್ರೀ. ನೀವ ಮೊದ್ಲ ಹತ್ರಿ.”

“ನಾ ಯಾಕ? ನಿನ್ನ ಮಗಳ ಹತ್ತಲಿ.” ಸಿದ್ದರಾಮೇಶ ಮೇಲಿಂದ ಇಳಿಬಿದ್ದಿದ್ದ ಹಗ್ಗವನ್ನು ಯಶೋಧರಾಳ ಸೊಂಟಪಟ್ಟಿಗೆ ಬಿಗಿದ. ಅವಳು ಹಿಗ್ಗಿನಿಂದ ಬಂಡೆಗೆ ಕೈ ಹಚ್ಚಿದಳು.

“ಬ್ಯಾಡವ್ವಾ, ಹತ್ತಬ್ಯಾಡ! ಆ ಕಲ್ಲು ಟೊಳ್ಳೈತಿ!” ಹುಸೇನಪ್ಪ ಓಡಿಬಂದು ಹಗ್ಗ ಹಿಡಿದುಕೊಂಡ.

ಸಿದ್ದರಾಮೇಶ ನಕ್ಕ. “ನನಗೂ ಗೊತ್ತೈತಿ. ನಾನೂ ಬಡಿದು ನೋಡೀನಿ. ಮುಂಜಾನೇನ ಹಗ್ಗ ಬ್ಯಾರೆ ಬೋಲ್ಟಿಗೆ ಹಾಕೀನಿ. ನಿನ್ನ ಬಾಯಿಲೆ ಕೇಳಬೇಕಿತ್ತು, ಅಷ್ಟ.”

ಯಶೋಧರಾ ಅಪ್ಪನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಅವನ ಬೆರಳುಗಳನ್ನು ಒಂದೊಂದಾಗಿ ಹಗ್ಗದಿಂದ ಬಿಡಿಸಿದಳು.

“ನಾ ಹತ್ತೂಮುಂದ ಹಗ್ಗ ನೀವ ಹಿಡೀರಿ ಸರ್,” ಎಂದಳು. “ಅಪ್ಪನ ಕೈಯಾಗ ಕೊಡಬ್ಯಾಡ್ರಿ.”