ಫ್ಯಾನಿನ ಜಗಳ

ವೃದ್ಧಾಶ್ರಮದಿಂದ ಸೋದರತ್ತೆಯ ಫೋನು. ಅಳು ಮೊದಲು, ಮಾತು ಆಮೇಲೆ.

"ಈ ಪಕ್ಕದ ಮಂಚದ ಅಂಬುಜಮ್ಮ ನನ್ನ ಕೊಂದೇಬಿಡ್ತಾಳೆ ಕಣೇ. ಫ್ಯಾನ್ ಹಾಕೋಕೇ ಬಿಡಲ್ಲ. ಭಾನುವಾರ ಬಂದು ನನಗೆ ಬೇರೆ ರೂಮು ಕೊಡ್ಸು. ಸೀರೆ ಉಟ್ಕೊಂಡು ಬಾ, ಚೂಡಿದಾರ್ ಹಾಕ್ಕೊಂಡು ಬಂದವರ ಮಾತಿಗೆ ಇಲ್ಲಿ ಬೆಲೆ ಇಲ್ಲ."

ತನ್ನನ್ನು ಎತ್ತಿ ಆಡಿಸಿದ ಅತ್ತೆಗೆ ಈ ಗತಿಯೇ ಎಂದು ವಿಭಾಳ ರಕ್ತ ಕುದಿಯಿತು. ಭಾನುವಾರ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಯೇ ಆಶ್ರಮದ ಆಫೀಸಿಗೆ ನುಗ್ಗಿದಳು. ಅಲ್ಲಿ ಗರಿಗರಿ ಇಸ್ತ್ರಿ ಅಂಗಿ ತೊಟ್ಟವನೊಬ್ಬ ಆಗಲೇ ಮ್ಯಾನೇಜರ್ ಮುಂದೆ ಕೂಗಾಡುತ್ತಿದ್ದ.

"ನಮ್ಮಮ್ಮ ಅಂಬುಜಮ್ಮನಿಗೆ ಗಾಳಿ ಆಗಲ್ಲ ಸಾರ್. ಆ ಪಕ್ಕದ ಮಂಚದವರು ಇಪ್ಪತ್ನಾಲ್ಕು ಗಂಟೆ ಫ್ಯಾನ್ ಹಾಕ್ತಾರೆ!"

"ರೀ, ಹಾಕೋಕೆ ಬಿಟ್ಟರೆ ತಾನೇ?" ವಿಭಾ ಮೇಲೆಬಿದ್ದಳು. "ನಮ್ಮತ್ತೆ ಬೆವರಲ್ಲಿ ನೆಂದು ಮಲಗ್ತಾರೆ, ಗೊತ್ತಾ?"

"ಓ, ಅವರು ನಿಮ್ಮತ್ತೇನಾ? ಹಾಗಾದ್ರೆ ನಮ್ಮಮ್ಮನ ಮಂಡಿನೋವಿಗೆ ನೀವೇ ಉತ್ತರ ಹೇಳಿ."

ಅರ್ಧ ಗಂಟೆಯಾದರೂ ಇಬ್ಬರೂ ಸೋಲಲಿಲ್ಲ. ಕೊನೆಗೆ ಮ್ಯಾನೇಜರೇ ಕೈಮುಗಿದರು. "ಇವತ್ತೇ ಅವರಿಬ್ಬರಿಗೂ ಬೇರೆ ಬೇರೆ ರೂಮು ಕೊಡ್ತೀನಿ. ಹೋಗಿ, ಸಾಮಾನು ಕಟ್ಟಿಸಿ."

ಗೆದ್ದ ಹುರುಪಿನಲ್ಲಿ, ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಲೇ, ಇಬ್ಬರೂ ಹೋಗಿ ರೂಮಿನ ಬಾಗಿಲು ತಳ್ಳಿದರು.

ಒಳಗೆ ಫ್ಯಾನು ಹಾಯಾಗಿ ತಿರುಗುತ್ತಿತ್ತು. ರೇಷ್ಮೆ ಸೀರೆ ಉಟ್ಟ ಮುದುಕಿಯರಿಬ್ಬರೂ ಒಂದೇ ಮಂಚದ ಮೇಲೆ ಕುಳಿತು ತಟ್ಟೆಗಳಿಗೆ ಉಪ್ಪಿಟ್ಟು, ಕೇಸರಿಬಾತು ಹಾಕುತ್ತಿದ್ದರು.

ಅಂಬುಜಮ್ಮ ತಲೆಯೆತ್ತಿ ಮಗನನ್ನು ಕೇಳಿದರು: "ಇಬ್ಬರೂ ಮಾತಾಡಿದ್ದು ಆಯ್ತಲ್ಲ, ಹುಡುಗಿ ಒಪ್ಪಿಗೇನಾ?"