ಹೊರಗಿನವರಿಗೆ ಪ್ರವೇಶವಿಲ್ಲ

ಊರು ಬಿಟ್ಟು ಬಂದ ಮೇಲೆ ಪುಂಡಲೀಕನಿಗೆ ಮಾತಿಗೂ ಜನವಿರಲಿಲ್ಲ. ಹಳೆಯ ನಾಟಕ ತಂಡದ ಗೆಳೆಯರಿಗಾಗಿ ಮನೆಯ ಕಂಪ್ಯೂಟರಿನಲ್ಲೇ ಹರಸಾಹಸಪಟ್ಟು ಒಂದು ಗುಟ್ಟಿನ ಮೇಲಿಂಗ್ ಲಿಸ್ಟ್ ಸಿದ್ಧಮಾಡಿದ. ಒಬ್ಬರು ಬರೆದದ್ದು ತಂಡದವರಿಗೆಲ್ಲ ತಲುಪಬೇಕು, ಹೊರಗಿನವರಿಗೆ ಒಂದಕ್ಷರವೂ ತಿಳಿಯಬಾರದು. ಅದಕ್ಕಾಗಿ ಪ್ರತಿಯೊಬ್ಬರೂ ತಮ್ಮ ಕಂಪ್ಯೂಟರಿನಲ್ಲಿ ಮೇಲ್‌ಗಳಿಗೆ ಬೀಗ ಹಾಕುವ ಸಂಕೇತಾಕ್ಷರಗಳ ಒಂದು ‘ಕೀ’ ಮಾಡಿ ಅವನಿಗೆ ಕಳಿಸಬೇಕಿತ್ತು. ಇದನ್ನೆಲ್ಲ ಇವರ ತಲೆಗೆ ಹೇಗಪ್ಪಾ ತುಂಬುವುದು ಎಂದುಕೊಳ್ಳುತ್ತಲೇ ಎಲ್ಲರಿಗೂ ಮೇಲ್ ಮಾಡಿದ.

ಕಾಫಿ ಆರುವುದರೊಳಗೆ ಎಲ್ಲರ ಕೀ ಬಂದಿತ್ತು! ಹಿಗ್ಗಿಹೋದ ಅವನು ತಂಡದ ಗೆಳೆಯ ಸುಧನ್ವನಿಗೆ ಫೋನ್ ಮಾಡಿದ.

“ಅಲ್ಲಯ್ಯಾ, ಮೇಲ್ ಪಾಸ್‌ವರ್ಡೇ ನೆನಪಿಟ್ಕೊಳ್ದೋನು ನೀನು, ಇದನ್ನ ಯಾವಾಗ ಕಲಿತೆ?”

“ಹೋದ್ವರ್ಷಾನೇ ಕಣೋ. ನಮ್ಮ ತಂಡದ್ದು ಇಂಥದೇ ಲಿಸ್ಟ್ ಶುರುವಾಯ್ತಲ್ಲ, ಆಗ ಎಲ್ರೂ ಮಾಡ್ಕೊಂಡ್ವಿ. ಯಾಕೋ, ನೀನು ಅದ್ರಲ್ಲಿ ಇಲ್ವಾ?”