ಮಂಡಿ ನೋಯದ ದಿನ

ಬೆಳಿಗ್ಗೆ ಹಾಸಿಗೆಯಿಂದ ಕಾಲು ಇಳಿಸಿದಾಗ ಮಂಡಿ ನೋಯಲಿಲ್ಲ. ಮಾಜಿ ಸೈನಿಕ ಹಾಗೇ ಕೂತ. ದಿನಾ ಮೊದಲು ಏಳುತ್ತಿದ್ದದ್ದು ನೋವು, ಆಮೇಲೆ ಇವನು. ಇವತ್ತು ಬಲಮಂಡಿಯಿದ್ದ ಕಡೆ ಯಾರೂ ಇಲ್ಲವೇನೋ ಅನ್ನುವಷ್ಟು ನಿಶ್ಶಬ್ದ. ಮಡಚಿದ, ಮಡಚಿತು. ಚಾಚಿದ, ಚಾಚಿತು. ಕಿಟಕಿಯ ಪರದೆ ಗಾಳಿಗೆ ಮೆಲ್ಲಗೆ ಉಬ್ಬಿ ಇಳಿಯುತ್ತಿತ್ತು. ಅದನ್ನು ನೋಡುತ್ತಾ ಅವನಿಗೆ ಸುಮ್ಮಸುಮ್ಮನೆ ನಗು ಬಂತು.

"ಲೇ, ಇಲ್ಲಿ ಬಾರೇ! ನೋವೇ ಇಲ್ಲ ಕಣೇ!"

ತಲೆ ಬಾಚುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. "ಇವತ್ತಾ?" ಎಂದಳು. "ಅಯ್ಯೋ ದೇವರೇ, ಇವತ್ತೇ ಆಗ್ಬೇಕಿತ್ತಾ ಇದು!"

ಅವಳು ಹಾಗಂದದ್ದರಲ್ಲಿ ತಪ್ಪಿಲ್ಲ. ಇವತ್ತು ಕೊನೆಯ ಅಪೀಲಿನ ತಪಾಸಣೆ. ಸೈನ್ಯದಲ್ಲಿದ್ದಾಗ ಹೊರೆ ಸಮೇತ ಲಾರಿಯಿಂದ ಧುಮುಕಿ ಪೆಟ್ಟು ಮಾಡಿಕೊಂಡ ಮಂಡಿ ಇನ್ನು ಕೆಲಸಕ್ಕೆ ಬಾರದು ಅಂತ ಡಾಕ್ಟರು ಬರೆದುಕೊಟ್ಟರೆ, ಇಲಾಖೆಯೇ ಆಪರೇಷನ್ ಮಾಡಿಸಿ ಹೊಸ ಮಂಡಿ ಹಾಕಿಸುತ್ತದೆ. ಇಲ್ಲವೋ, ಇದೇ ಮಂಡಿ, ಇದೇ ನರಳಾಟ, ಸಾಯುವ ತನಕ. ಮೊದಲ ಸಲ 'ವಯಸ್ಸಿನ ಸವೆತ' ಅಂತ ಹೇಳಿ ಸಾಗಹಾಕಿದ್ದರು. ಎರಡನೇ ಸಲ "ನೋವು ಹೇಗಿದೆ?" ಅಂತ ಕೇಳಿದ್ದಕ್ಕೆ ಈ ಪುಣ್ಯಾತ್ಮ ಎದೆಯುಬ್ಬಿಸಿ "ಪರವಾಗಿಲ್ಲ ಸಾರ್!" ಅಂದುಬಿಟ್ಟಿದ್ದ. ಸೈನ್ಯದಲ್ಲಿ ಕಲಿತ ಉತ್ತರ, ಅಷ್ಟು ಸುಲಭಕ್ಕೆ ಬಾಯಿ ಬಿಟ್ಟು ಹೋಗುತ್ತದೆಯೇ? ಅವರೂ ಪರವಾಗಿಲ್ಲ ಅಂತಲೇ ಬರೆದುಕೊಂಡರು.

ಬಸ್ಸಿಳಿದ ಮೇಲೆ ಹೆಂಡತಿ ಬೇಕಂತಲೇ ಸುತ್ತುದಾರಿ ಹಿಡಿದಳು. ನಡೆದು ನಡೆದಾದರೂ ನೋವು ಬಂದೀತು ಅಂತ ಆಸೆ. ಎಲ್ಲಿ ಬರುತ್ತೆ? ಅವನು ಕೈಬೀಸಿಕೊಂಡು ತೇಲುತ್ತಾ ಹೊರಟಿದ್ದ. ಅಂಗಡಿಗಳ ಗಾಜಿನಲ್ಲಿ ತನ್ನದೇ ನಡಿಗೆ ಕಂಡರೆ, ಹಳೆಯ ಗೆಳೆಯನೊಬ್ಬ ಸಿಕ್ಕಿದ ಹಾಗೆ ನಿಂತು ನೋಡುತ್ತಿದ್ದ. ಆಸ್ಪತ್ರೆಯಲ್ಲಿ ಲಿಫ್ಟಿನ ಬಾಗಿಲು ತೆರೆದೇ ಇತ್ತು. "ಮೆಟ್ಟಿಲು ಹತ್ತಿ," ಎಂದಳು. ಅವನು ಗುನುಗುತ್ತಾ ಹತ್ತಿದ. ಮೇಲೆ ಮುಟ್ಟುವಷ್ಟರಲ್ಲಿ ಏದುಸಿರು ಬಂದದ್ದು ಅವಳಿಗೆ.

"ಸ್ವಲ್ಪನಾದ್ರೂ ಚಳಕ್ ಅಂತಾ?"

"ಇಲ್ಲ ಕಣೇ."

"ರೀ, ನಿಮ್ಮ ಕಾಲಿಗೆ ಬೀಳ್ತೀನಿ. ಒಳಗೆ ಹೋದ್ಮೇಲೆ ಒಂದೇ ಒಂದ್ಸಲ 'ಅಮ್ಮಾ' ಅನ್ನಿ, ಸಾಕು."

"ಸುಳ್ಳು ಹೇಳು ಅಂತೀಯಾ?"

"ನಿನ್ನೆ ತನಕ ನರಳಿದ್ದು ಸುಳ್ಳಾ? ನಾಳೆ ಬರೋ ನೋವನ್ನ ಇವತ್ತೇ ಹೇಳಿದ್ರೆ ತಪ್ಪೇನ್ರಿ?" ಆ ಮಂಡಿಗೆ ಬಿಸಿನೀರಿನ ಚೀಲ ಒತ್ತಿ ಒತ್ತಿ ಅವಳ ಕೈಯೂ ಸೋತಿತ್ತು.

ಡಾಕ್ಟರಮ್ಮ ಅವರ ಮಗಳ ವಯಸ್ಸಿನವರು. ಮಂಚದ ಮೇಲೆ ಮಲಗಿಸಿ, ಕಾಲು ಮಡಚಿ, ಎಷ್ಟು ಬಾಗುತ್ತದೆ ಅಂತ ಪ್ಲಾಸ್ಟಿಕ್ ಪಟ್ಟಿ ಹಿಡಿದು ಅಳೆದರು. ಅವನು ಹೆಂಡತಿಯ ಮುಖ ನೋಡಿ, ಮಾತು ನೆನಪಾಗಿ, "ಅಮ್ಮಾ" ಎಂದ. ನಗುನಗುತ್ತಾ ಅಂದುಬಿಟ್ಟ! ಡಾಕ್ಟರಮ್ಮನಿಗೂ ನಗು ತಡೆಯಲಾಗಲಿಲ್ಲ. ಹೆಂಡತಿ ಹಣೆ ಚಚ್ಚಿಕೊಂಡಳು.

"ಕುಕ್ಕರಗಾಲಲ್ಲಿ ಕೂರೋಕಾಗತ್ತಾ, ನೋಡಿ."

ಅವನು ಏನನ್ನೂ ಹಿಡಿಯದೆ ಮೆಲ್ಲಗೆ ಇಳಿದ, ಇಳಿಯುತ್ತಲೇ ಹೋದ, ಕೂತೇಬಿಟ್ಟ. ಎಷ್ಟು ಕಾಲವಾಗಿತ್ತು ನೆಲ ಇಷ್ಟು ಹತ್ತಿರ ಬಂದು! ಮೇಜಿನ ಹೊಟ್ಟೆ ಕಂಡಿತು, ಅಲ್ಲಿ ಯಾರೋ ಅಂಟಿಸಿದ ಚೂಯಿಂಗ್ ಗಮ್ ಕಂಡಿತು, ಕಿಟಕಿಯ ಬಿಸಿಲಿನಲ್ಲಿ ತನ್ನ ಪಾಡಿಗೆ ಹೊರಟ ಒಂದು ಇರುವೆ ಕಂಡಿತು. ಮಗಳು ಅಂಬೆಗಾಲಿಡುತ್ತಿದ್ದ ದಿನಗಳಲ್ಲಿ ಅವಳೆದುರು ಹೀಗೆ ಕೂರಲಾಗದೆ ಕುರ್ಚಿಯಿಂದಲೇ ಕೈ ಚಾಚುತ್ತಿದ್ದ. ಈಗ ಅಂಗೈಯನ್ನು ನೆಲಕ್ಕೆ ಇಟ್ಟ. ತಣ್ಣಗಿತ್ತು. ಇರುವೆಗೆ ಬೆರಳು ಅಡ್ಡ ಹಿಡಿದ. ಅದು ಅನುಮಾನಿಸಿ, ಹತ್ತಿತು. ಡಾಕ್ಟರು, ಇಲಾಖೆ, ಅಪೀಲು ಎಲ್ಲಾ ಎಲ್ಲೋ ಮೇಲೆ, ಬಹಳ ಮೇಲೆ ಉಳಿದವು.

"ಸಾಕು ಸಾರ್, ಏಳ್ಬಹುದು."

"ಇರಮ್ಮಾ, ಒಂಚೂರು," ಎಂದ, ತಲೆ ಎತ್ತದೆ.

ಡಾಕ್ಟರಮ್ಮ ಹೆಂಡತಿಯ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಎಕ್ಸ್‌ರೇ ನೋಡಿದೀನಿ ಅಮ್ಮಾ. ಆ ಮಂಡಿಯಲ್ಲಿ ಏನೂ ಉಳಿದಿಲ್ಲ. ಆದ್ರೆ ಕಣ್ಣಾರೆ ಕಂಡಿದ್ದನ್ನ ಮಾತ್ರ ನಾನು ಬರೀಬೇಕು. ಇಳಿಯೋದೇನೋ ಇಳಿದ್ರು, ಏಳೋವಾಗ ಅದು ಬಿಡಲ್ಲ, ಜೀವ ಹಿಂಡತ್ತೆ. ಅದನ್ನೇ ಬರ್ಕೊಡ್ತೀನಿ, ಆಪರೇಷನ್ ಸಿಗತ್ತೆ. ನೀವು ಹೇಳಿದ್ರೆ ಕೇಳ್ತಾರೆ. ಏಳಿ ಅನ್ನಿ."

ಹೆಂಡತಿ ಬಾಯಿ ತೆರೆದಳು. ಬೆಳಿಗ್ಗೆಯಿಂದ ಬಾ ಬಾ ಅಂತ ಅವಳು ಗೋಗರೆದ ನೋವು ಇನ್ನು ಒಂದು ಮಾತಿನಷ್ಟೇ ದೂರದಲ್ಲಿತ್ತು. ಕೆಳಗೆ ಅವನು ಮುಂಗೈ ತಿರುಗಿಸಿ ತಿರುಗಿಸಿ ಇರುವೆಗೆ ದಾರಿ ಮಾಡಿಕೊಡುತ್ತಿದ್ದ.

"ಹೊರಗೆ ಇನ್ನೂ ಜನ ಕಾಯ್ತಿದ್ದಾರಲ್ಲ ಡಾಕ್ಟ್ರಮ್ಮ," ಎಂದಳು. "ಅವರನ್ನೆಲ್ಲಾ ಮೊದಲು ನೋಡಿಬಿಡಿ."